ಶಾಶ್ವತ ಬೇಸಾಯವೂ ಜೀವಪರಿಸರ ಶಾಸ್ತ್ರವೂ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ನೆಲಗಳಲ್ಲಿ ಇವುಗಳ ಸಂಬಂಧ

“ಪರ್ಮಾಕಲ್ಚರ್” ಎಂಬ ಹೆಸರು ವ್ಯವಸಾಯದ ವಿಚಾರವಾಗಿ ಮಾತನಾಡುವವರ ಬಾಯಲ್ಲಿ ಈಗ ಕೆಲವು ವರ್ಷಗಳಿಂದ ಹೆಚ್ಚಾಗಿ ಕೇಳಿಬರುತ್ತಲಿದೆ. ಕನ್ನಡದಲ್ಲಿ ಇದನ್ನು ಶಾಶ್ವತ ಬೇಸಾಯವೆಂದು ಕರೆಯಬಹುದು. ಮಳೆಯ ನೀರನ್ನು ಬಿದ್ದಲ್ಲಿಯೇ ತಡೆದು ಹಿಡಿಯತಕ್ಕದ್ದು. ಒಂದೇ ಬೆಳೆಯನ್ನು ನಚ್ಚದೆ ಅನೇಕ ಬೆಳೆಗಳನ್ನು ಕೂಡಿಸಿ ಬಿತ್ತತಕ್ಕದ್ದು. ಹೊಲದಲ್ಲಿ ಗಿಡಮರಗಳಿಗೆ ಎಡೆಗೊಡತಕ್ಕದ್ದು. ನೆಲವನ್ನು ಬರಿದಾಗಿ ಬಿಡಲಾಗದು. ಹೊಲದಲ್ಲಿ ಹುಟ್ಟಿದ ಕಸಕಡ್ಡಿಯನ್ನು ಹೊಲಕ್ಕೇ ಸೇರಿಸತಕ್ಕದ್ದು. ಇವೇ ಮೊದಲಾದವು ಅದರ ಸೂತ್ರಗಳು. ಇವನ್ನು ಕೇಳಿದ ಹಿರಿಯ ರೈತರು “ಇದರಲ್ಲಿ ಹೊಸದೇನು?” ಎಂದು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯುಂಟು. ಈ ಸೂತ್ರಗಳಲ್ಲಿ ಯಾವುದು ಯಾವ ನೆಲದಲ್ಲಿ ನಿಜವಾಗುವುದು, ಯಾವುದು ಆಗದು ಎಂಬುದೇ ಆ ಪ್ರಶ್ನೆ. ಎರೆ ಭೂಮಿಯಲ್ಲಿ ತಪ್ಪಾಗಿ ತೋಡಿದ ಒಂದು ಕಂದಕವು ಇಡೀ ಬೆಳೆಯನ್ನು ಕೊಳೆಯಿಸಬಲ್ಲುದಾದ ಕಾರಣ, ನಮ್ಮ ಸೀಮೆಯವರಿಗೆ ಇದು ಬರಿಯ ಪಂಡಿತರ ವಾದವೆಂದು ಬಿಟ್ಟುಬಿಡುವಂತಿಲ್ಲ.

ಈ ಪದ್ಧತಿಯ ಹುಟ್ಟನ್ನು ಸಂಗ್ರಹವಾಗಿ ಹೇಳುವುದಾದರೆ, ಅಮೆರಿಕದ ಜೆ. ರಸ್ಸೆಲ್ ಸ್ಮಿತ್ ಎಂಬವರು ೧೯೨೯ ರಲ್ಲಿಯೇ ಮರಬೆಳೆಗಳ ವಿಷಯವಾಗಿ ಒಂದು ಗ್ರಂಥವನ್ನು ಬರೆದು, ಇಳಿಜಾರು ನೆಲಗಳಿಗೆ ಮರಗಳಿಂದಲೇ ಶಾಶ್ವತವಾದ ವ್ಯವಸಾಯ ಸಾಧ್ಯವೆಂದು ವಾದಿಸಿದ್ದರು. ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಎಂಬಿಬ್ಬರು ೧೯೭೮ ರಲ್ಲಿ ತಮ್ಮ ಮೊದಲ ಗ್ರಂಥವನ್ನು ಪ್ರಕಟಿಸಿ ಪರ್ಮಾಕಲ್ಚರ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ನಮ್ಮ ನೆರೆಯ ತೆಲಂಗಾಣದ ಜಹೀರಾಬಾದ್ ಪ್ರದೇಶಕ್ಕೆ ಈ ವಿಚಾರ ೧೯೮೦ ರ ದಶಕದಲ್ಲಿಯೇ ಬಂದಿತು. ೨೦೧೭ ರಲ್ಲಿ ಈ ಮತದವರ ಅಂತರರಾಷ್ಟ್ರೀಯ ಸಮ್ಮೇಳನವು ಹೈದರಾಬಾದಿನಲ್ಲಿ ನಡೆಯಿತು. ನಮ್ಮಂತೆಯೇ ಜೋಳ, ತೊಗರಿಗಳನ್ನು ಉಣ್ಣುವ ಸೀಮೆಯದು. ಆದುದರಿಂದ ಇದು ಕೇವಲ ಪರದೇಶದ ವಾರ್ತೆಯಲ್ಲ.

ಜೀವಪರಿಸರ ಶಾಸ್ತ್ರವಾದರೋ ಇದಕ್ಕಿಂತ ಹಳೆಯದು. ಜೀವಿಗಳಿಗೆ ತಮ್ಮ ತಮ್ಮೊಳಗೂ ನೆಲ, ನೀರು, ಹವೆಗಳೊಡನೆಯೂ ಇರುವ ಸಂಬಂಧವನ್ನು ಅಳೆದು ತಿಳಿಯುವ ಈ ಶಾಸ್ತ್ರಕ್ಕೆ ಜರ್ಮನಿಯ ಹೆಕೆಲ್ ೧೮೬೬ ರಲ್ಲಿ ಹೆಸರಿಟ್ಟನು. ಇಂಗ್ಲೆಂಡಿನ ಟ್ಯಾನ್ಸ್‌ಲಿ ೧೯೩೫ ರಲ್ಲಿ ಜೀವಿಗಳನ್ನೂ ಅವುಗಳ ನೆಲೆಯನ್ನೂ ಒಂದೇ ವ್ಯವಸ್ಥೆಯಾಗಿ ಎಣಿಸಬೇಕೆಂದು ಪ್ರತಿಪಾದಿಸಿದನು. ಶಾಶ್ವತ ಬೇಸಾಯದವರು ತಮ್ಮ ಮೂಲ ಭಾವನೆಗಳನ್ನು ಈ ಶಾಸ್ತ್ರದಿಂದಲೇ ಕಡ ತಂದರು. ಹೋಮ್‌ಗ್ರೆನ್ನರು ಅಮೆರಿಕದ ಹೊವರ್ಡ್ ಓಡಮ್ ಎಂಬ ವಿಜ್ಞಾನಿಯ ಬರಹಗಳಿಗೆ ತಾವು ಋಣಿಯೆಂದು ಹೇಳಿಕೊಂಡಿರುವರು. ಆದರೆ ಕಡ ತಂದ ಮೇಲೆ ಲೆಕ್ಕ ಒಪ್ಪಿಸುವ ಕೆಲಸ ಬಹುಕಾಲ ನಡೆಯಲಿಲ್ಲ. ಫರ್ಗುಸನ್ ಮತ್ತು ಲವೆಲ್ ಎಂಬ ಸಂಶೋಧಕರು ೨೦೧೪ ರಲ್ಲಿ ಈ ಪದ್ಧತಿಯ ಸಾಹಿತ್ಯವನ್ನೆಲ್ಲ ಪರಿಶೀಲಿಸಿ, ಇದು ವಿಜ್ಞಾನದ ಸಂಶೋಧನೆಯಿಂದ ದೂರವಾಗಿ ಬೆಳೆದಿದೆ, ಇದರ ಕೆಲವು ಪ್ರತಿಜ್ಞೆಗಳು ಅಳತೆಮೀರಿದವು ಎಂದು ಬರೆದರು. ೨೦೨೪ ರಲ್ಲಿ ಮಧ್ಯ ಯುರೋಪಿನ ಒಂಬತ್ತು ಹೊಲಗಳನ್ನು ನೆರೆಯ ಸಾಮಾನ್ಯ ಹೊಲಗಳೊಡನೆ ಹೋಲಿಸಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಣ್ಣಿನ ಇಂಗಾಲ, ಎರೆಹುಳು, ಸಸ್ಯ ಮತ್ತು ಪಕ್ಷಿಗಳ ಸಂಖ್ಯೆ ಇವೆಲ್ಲವೂ ಶಾಶ್ವತ ಬೇಸಾಯದ ಹೊಲಗಳಲ್ಲಿ ಹೆಚ್ಚೆಂದು ಕಂಡುಬಂದಿತು. ಇದು ಸಂತೋಷದ ವಾರ್ತೆಯೇ. ಆದರೂ ವರ್ಷವೆಲ್ಲ ತೇವವಿರುವ ಆ ತಂಪು ದೇಶದ ಲೆಕ್ಕವನ್ನು ಭೀಮಾ ಕೃಷ್ಣಾ ನಡುವಣ ನಮ್ಮ ಬಿಸಿಲಿಗೆ ಹಾಗೆಯೇ ಹಚ್ಚಲಾಗದು.

೨೦೦೯ ನೆಯ ಡಿಸೆಂಬರಿನಲ್ಲಿ ಪ್ರತ್ಯೇಕವಾಗಿ ಅಸ್ತಿತ್ವಕ್ಕೆ ಬಂದ ಯಾದಗಿರಿ ಜಿಲ್ಲೆಯಲ್ಲಿ ಮಳೆ ವರ್ಷಕ್ಕೆ ಸುಮಾರು ೨೫ ರಿಂದ ೩೩ ಅಂಗುಲ. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಳುವುದು. ಮಳೆ ಒಂದೇ ತೆರನಾದರೂ ನೆಲ ಒಂದೇ ತೆರನಾದುದಲ್ಲ. ಯಾದಗಿರಿ, ಗುರುಮಠಕಲ್ಲಿನ ಕಡೆ ಹಲವೆಡೆಗಳಲ್ಲಿ ಗ್ರಾನೈಟ್ ಕಲ್ಲು ಕರಗಿ ಆದ ಕೆಂಪು ಮಸಾರಿ. ಶಹಾಪುರ, ಸುರಪುರಗಳ ಬಯಲುಗಳಲ್ಲಿ ಆಳವಾದ ಎರೆ. ಮೂರನೆಯದಾಗಿ ಕೃಷ್ಣಾ ಕಾಲುವೆಯ ನೀರುಂಡು ಗುಣವೇ ಬದಲಾಗಿರುವ ನೆಲ. ಈ ಮೂರರಲ್ಲಿ ಒಂದೇ ಸೂತ್ರ ಮೂರು ಬಗೆಯ ಫಲಗಳನ್ನು ಕೊಡುವುದೆಂಬುದನ್ನು ಮುಂದೆ ತೋರಿಸಲಾಗುವುದು.

ಮೊದಲು ನೀರಿನ ವಿಚಾರ. ಸಮಪಾತಳಿಯ ಗೆರೆಯುದ್ದಕ್ಕೂ ಕಂದಕ ತೋಡಿ, ತೆಗೆದ ಮಣ್ಣನ್ನು ಕೆಳಮಗ್ಗುಲಿಗೆ ಒಡ್ಡಾಗಿ ಹಾಕಿ, ಓಡುವ ನೀರನ್ನು ನಿಲ್ಲಿಸಿ ಇಂಗಿಸುವುದು ಶಾಶ್ವತ ಬೇಸಾಯದವರ ಬಲು ಪ್ರೀತಿಯ ಉಪಾಯ. ಕೆಂಪು ಮಸಾರಿಯಲ್ಲಿ ಇದು ಒಳ್ಳೆಯದೇ. ನೀರು ಅಲ್ಲಿ ಬೇಗ ಕೆಳಗಿಳಿಯುವುದು, ಬಾವಿಗಳಿಗೂ ಪ್ರಯೋಜನವಾಗುವುದು. ಎರೆಯ ಸ್ವಭಾವ ಬೇರೆ. ಬೇಸಗೆಯಲ್ಲಿ ಬಾಯ್ದೆರೆದ ಬಿರುಕುಗಳ ಮೂಲಕ ಮೊದಲ ಮಳೆಯನ್ನು ಅದು ಗಟಗಟನೆ ಕುಡಿಯುವುದು. ತೊಯ್ದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಗಂಟೆಗೆ ಒಂದು ಮಿಲಿಮೀಟರಿನಷ್ಟು ನೀರನ್ನೂ ಒಳಗೆ ಬಿಡದು. ಅಂತಹ ನೆಲದಲ್ಲಿ ಮಟ್ಟಸವಾದ ಕಂದಕವು ಕೆರೆಯಾಗುವುದು. ಮೇಲುಭಾಗದ ಬೆಳೆ ಬೇರು ಉಸಿರುಕಟ್ಟಿ ಹಳದಿಗೆ ತಿರುಗುವುದು. ಒಡ್ಡಿನ ಮಣ್ಣು ಬೇಸಗೆಯಲ್ಲಿ ಸೀಳಿಕೊಂಡು, ಮರುವರ್ಷದ ದೊಡ್ಡ ಮಳೆಗೆ ಆ ಸೀಳಿನಲ್ಲಿಯೇ ಒಡೆಯುವುದು; ಒಂದು ಒಡ್ಡು ಒಡೆದರೆ ಅದರ ಕೆಳಗಿನವೆಲ್ಲ ಸಾಲಾಗಿ ಒಡೆಯುವುವು.

ಇದು ಹೊಸ ತಿಳಿವಳಿಕೆಯಲ್ಲ. ೧೯೩೩-೩೪ ರ ಸುಮಾರಿಗೆ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹತಕ್ ಎಂಬ ಐದು ಎಡೆಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಈ ಐದರಲ್ಲಿ ರಾಯಚೂರು ನಮಗೆ ನೆರೆಯೂರು. ಆಗಿನಿಂದ ಇಂದಿನವರೆಗಿನ ಅನುಭವದಿಂದ ಆಳವಾದ ಎರೆಗೆ ಮಟ್ಟಸವಾದ ಒಡ್ಡು ಹಾಕದೆ, ಅಲ್ಪ ಇಳಿಜಾರು ಕೊಟ್ಟ ಒಡ್ಡನ್ನು ಹಾಕಿ, ಹೆಚ್ಚಾದ ನೀರನ್ನು ಹುಲ್ಲು ಬೆಳೆಸಿದ ದಾರಿಯಲ್ಲಿ ಮೆಲ್ಲನೆ ಹೊರಬಿಟ್ಟು, ಕೆಳಗೆ ಹೊಂಡದಲ್ಲಿ ಹಿಡಿಯಬೇಕೆಂದು ನಿರ್ಧಾರವಾಗಿದೆ. ೧೯೭೨ ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು ಎರೆಗಾಗಿ ರೂಢಿಸಿದ ಅಗಲ ಮಡಿ ಮತ್ತು ಸಾಲಿನ ಪದ್ಧತಿಯ ಉದ್ದೇಶವೂ ಇದೇ. ನೀರನ್ನು ಹಿಡಿಯುವುದರಷ್ಟೇ ಬಸಿಯುವುದೂ ಅಲ್ಲಿ ಅಗತ್ಯ. “ನೀರನ್ನು ನಿಲ್ಲಿಸಿರಿ” ಎಂಬ ಸೂತ್ರ ಸುಳ್ಳೆಂದು ಇದರಿಂದ ಆಗಲಿಲ್ಲ. ಅದು ಮಸಾರಿಯಲ್ಲಿ ಹುಟ್ಟಬೇಕಾದ ಸೂತ್ರ, ಎರೆಗೆ ಬಂದಾಗ ರೂಪ ಬದಲಿಸತಕ್ಕದ್ದು.

ಕಾಲುವೆಯ ನೆಲದಲ್ಲಿ ಸಂಗತಿ ಇನ್ನೂ ಬಿಗಿಯಾಗಿದೆ. ೧೯೬೪ ರಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ೧೯೮೨ ರಲ್ಲಿ ಮುಗಿದು, ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಬಯಲಿಗೆ ನೀರು ತಂದಿತು. ಯೋಜನೆಯನ್ನು ರಚಿಸಿದವರು ಜೋಳ, ಹತ್ತಿ, ಶೇಂಗಾ ಮುಂತಾದ ಲಘು ನೀರಾವರಿ ಬೆಳೆಗಳನ್ನು ಮನಸ್ಸಿನಲ್ಲಿಟ್ಟು ನೀರಿನ ಲೆಕ್ಕ ಹಾಕಿದ್ದರು. ನೀರು ಬಂದ ಮೇಲೆ ಭತ್ತ ಬಂದಿತು. ರೈತನನ್ನು ಇದಕ್ಕಾಗಿ ದೂಷಿಸುವುದು ಸುಲಭ. ಆದರೆ ಕೈಗೆ ಹಣ ಕೊಡುವ, ನಿಂತ ನೀರನ್ನು ತಾಳುವ ಬೆಳೆ ಎದುರಿಗಿರುವಾಗ ಬರದಲ್ಲಿ ಬೆಂದವನು ಅದನ್ನು ಬಿಟ್ಟಾನೆಯೇ? ಫಲವಾಗಿ ತಗ್ಗಿನ ಹೊಲಗಳಲ್ಲಿ ಒಳನೀರು ಮೇಲೇರಿ ಮೊದಲು ಜವಳು, ಆಮೇಲೆ ಸವಳು ಕಾಣಿಸಿಕೊಂಡವು. ಎರೆಯ ಕೆಳಪದರಗಳಲ್ಲಿ ಉಪ್ಪು ಮೊದಲಿನಿಂದಲೂ ಇರುವುದು. ಒಳನೀರು ನೆಲದ ಮೇಲ್ಮೈಗೆ ಸಮೀಪಿಸಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಮಣ್ಣು ಆ ನೀರನ್ನು ಮೇಲಕ್ಕೆಳೆಯುವುದು. ಬಿಸಿಲಿಗೆ ನೀರು ಹಾರುವುದು, ಉಪ್ಪು ಉಳಿಯುವುದು. ಭತ್ತದ ಗದ್ದೆಯಲ್ಲಿ ನೀರು ನಿಂತಿರುವಷ್ಟು ಕಾಲ ಉಪ್ಪು ಕೆಳಗೆ ತಳ್ಳಲ್ಪಟ್ಟಿರುವುದರಿಂದ ಕೇಡು ಕಣ್ಣಿಗೆ ಬೀಳದು. ಕಾಲುವೆ ನಿಂತು ಬೇಸಗೆ ಬಂದಾಗ ಬಿಳಿಯ ಪೊರೆ ಎದ್ದು ಕಾಣುವುದು.

ಇಲ್ಲಿಯೇ ಶಾಶ್ವತ ಬೇಸಾಯಕ್ಕೆ ಜೀವಪರಿಸರ ಶಾಸ್ತ್ರದ ಅಗತ್ಯ ಅತ್ಯಂತ ಸ್ಪಷ್ಟವಾಗಿ ತೋರುವುದು. ಶಾಶ್ವತ ಬೇಸಾಯದ ನಕ್ಷೆ ಮನೆಯಿಂದ ಆರಂಭವಾಗಿ ಹೊಲದ ಬೇಲಿಗೆ ಮುಗಿಯುವುದು. ಮನೆಯ ಬಳಿ ಕಾಯಿಪಲ್ಯ, ಅದರಾಚೆ ಹಣ್ಣಿನ ಗಿಡ, ಅದರಾಚೆ ಹೊಲ, ಕಟ್ಟಕಡೆಗೆ ಕಾಡು ಎಂಬ ಕ್ರಮ. ಆದರೆ ಸರ್ವೇ ನಂಬರಿನ ಗಡಿ ಒಳನೀರಿಗೆ ತಿಳಿಯದು. ಕೆಳಗಿನ ಹೊಲದವನು ಎಷ್ಟು ಬಗೆಯ ಗಿಡಗಳನ್ನು ನೆಟ್ಟರೂ, ಎಷ್ಟು ಗೊಬ್ಬರವನ್ನು ಹಾಕಿದರೂ, ಮೇಲಿನ ಹತ್ತು ಮಂದಿಯ ಗದ್ದೆಯ ನೀರು ಅವನ ನೆಲದಡಿಯಲ್ಲಿ ಬಂದು ಸೇರುತ್ತಿರುವ ತನಕ ಸವಳು ಬಿಡದು. ಈ ರೋಗದ ನಿಜವಾದ ಮೈ ಹಳ್ಳದ ಕೊಳ್ಳ, ಒಬ್ಬನ ಹೊಲವಲ್ಲ. ಬಸಿಗಾಲುವೆಯನ್ನು ಹಳ್ಳದವರೆಗೆ ಎಲ್ಲರೂ ಕೂಡಿ ತೆಗೆಯಬೇಕು. ಮೇಲಿನವರು ಭತ್ತವನ್ನು ಕಡಿಮೆ ಮಾಡಬೇಕು. ಹತ್ತಿಯೂ ಜೋಳವೂ ಭತ್ತಕ್ಕಿಂತ ಸವಳನ್ನು ಹೆಚ್ಚು ತಾಳುವುವೆಂಬುದು ಇಲ್ಲಿ ನೆನಪಿಡಬೇಕಾದ ಅಂಶ, ಕಡಲೆಯಾದರೋ ತಾಳದು. ಜಿಪ್ಸಮ್ ಹಾಕಿದರೆ ಎಲ್ಲ ಸವಳೂ ಹೋಗುವುದೆಂಬ ನಂಬಿಕೆ ಹಲವರಲ್ಲಿದೆ. ಅದು ಸೋಡಿಯಂ ಹೆಚ್ಚಿದ ಕರ್ಲು ನೆಲಕ್ಕೆ ಮದ್ದು. ಬರಿಯ ಉಪ್ಪಿನ ನೆಲಕ್ಕೆ ಬಸಿಯುವುದರ ವಿನಾ ಬೇರೆ ಮದ್ದಿಲ್ಲ. ಮಣ್ಣಿನ ಪರೀಕ್ಷೆ ಮಾಡಿಸದೆ ಹಣ ಚೆಲ್ಲಬಾರದು.

ಇನ್ನು ಬೆಳೆಗಳನ್ನು ಕೂಡಿಸಿ ಬಿತ್ತುವ ವಿಚಾರ. ಇದರಲ್ಲಿ ನಮ್ಮ ಸೀಮೆಯವರೇ ಗುರುಗಳು. ಸಜ್ಜೆಯಲ್ಲಿ ತೊಗರಿ, ಜೋಳದಲ್ಲಿ ತೊಗರಿ, ಹೆಸರಿನಲ್ಲಿ ತೊಗರಿ, ಹಿಂಗಾರಿಯಲ್ಲಿ ಕಡಲೆಯ ನಡುವೆ ಕುಸುಬಿಯ ಸಾಲು ಇವೆಲ್ಲ ಹಳೆಯ ರೂಢಿಗಳು. ಹೊಲದ ಅಂಚಿಗೆ ಕುಸುಬಿ ಹಾಕಿದರೆ ಅದರ ಮುಳ್ಳಿಗೆ ದನ ಒಳನುಗ್ಗದೆಂಬುದೂ ಅನುಭವದ ಮಾತು. ಜೋಳ ತೊಗರಿಗಳ ಜೋಡಿ ಏಕೆ ಫಲಿಸುವುದೆಂಬುದನ್ನು ಇಕ್ರಿಸ್ಯಾಟಿನವರು ಬಹಳವಾಗಿ ಅಭ್ಯಸಿಸಿರುವರು. ಮುಖ್ಯ ಕಾರಣ ಕಾಲಭೇದ. ಜೋಳ ಮೂರು ಮೂರೂವರೆ ತಿಂಗಳಲ್ಲಿ ಕೊಯ್ಲಿಗೆ ಬರುವುದು. ಅಷ್ಟರವರೆಗೆ ತೊಗರಿ ಮಂದವಾಗಿ ಬೆಳೆಯುತ್ತಿದ್ದು, ಜೋಳ ಹೋದ ಮೇಲೆ ಬಯಲಾದ ಬೆಳಕನ್ನೂ ಆಳದಲ್ಲಿ ಉಳಿದ ತೇವವನ್ನೂ ತಾನೊಂದೇ ಅನುಭವಿಸುವುದು. ಇಬ್ಬರೂ ಒಂದೇ ವೇಳೆಗೆ ಊಟಕ್ಕೆ ಕುಳಿತುಕೊಳ್ಳದ ಕಾರಣ ಜಗಳ ಕಡಿಮೆ.

ಲಾಭವನ್ನು ಅಳೆಯುವ ಬಗೆಯನ್ನು ಮೀಡ್ ಮತ್ತು ವಿಲ್ಲಿ ಎಂಬವರು ೧೯೮೦ ರ ಒಂದು ಲೇಖನದಲ್ಲಿ ವಿವರಿಸಿದರು. ಅದನ್ನು ಭೂಮಿಯ ಸರಿಪ್ರಮಾಣವೆನ್ನಬಹುದು. ಲೆಕ್ಕ ತಿಳಿಯುವುದಕ್ಕಾಗಿ ಒಂದು ಕಲ್ಪಿತ ಉದಾಹರಣೆ ಕೊಡುವೆವು. ಒಂದು ಎಕರೆಯಲ್ಲಿ ಜೋಳ ಒಂದನ್ನೇ ಬಿತ್ತಿದರೆ ೧೦ ಕ್ವಿಂಟಲ್, ತೊಗರಿ ಒಂದನ್ನೇ ಬಿತ್ತಿದರೆ ೫ ಕ್ವಿಂಟಲ್ ಬರುವುದೆನ್ನಿರಿ. ಕೂಡಿಸಿ ಬಿತ್ತಿದ ಎಕರೆಯಲ್ಲಿ ಜೋಳ ೮, ತೊಗರಿ ೩½ ಬಂದರೆ, ಹತ್ತರಲ್ಲಿ ಎಂಟು ಪಾಲು, ಹತ್ತರಲ್ಲಿ ಏಳು ಪಾಲು ಕೂಡಿ ಒಂದೂವರೆಯಾಯಿತು. ಅಂದರೆ ಅಷ್ಟೇ ಕಾಳನ್ನು ಬೇರೆ ಬೇರೆಯಾಗಿ ಬೆಳೆಯಲು ಒಂದೂವರೆ ಎಕರೆ ಬೇಕಾಗುತ್ತಿತ್ತು. ಈ ಮೊತ್ತ ಒಂದಕ್ಕಿಂತ ಕಡಿಮೆಯಾದರೆ ಕೂಡಿಸಿದ್ದು ನಷ್ಟ. ಸಸ್ಯಗಳ “ಸ್ನೇಹ”ವೆಂದು ಹೇಳುವ ಮಾತುಗಳನ್ನೆಲ್ಲ ಈ ತಕ್ಕಡಿಗೆ ಹಾಕಿ ನೋಡಬಹುದು.

ಇದೇ ತೊಗರಿಯ ವಿಷಯದಲ್ಲಿ ಮಣ್ಣಿನ ಭೇದವನ್ನು ತೋರಿಸುವ ಇನ್ನೊಂದು ಸಂಗತಿ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ತೊಗರಿ ನೆಲದಲ್ಲಿ ಸಾರಜನಕವನ್ನು ಕೂಡಿಸುವುದು ಎಲ್ಲರಿಗೂ ಗೊತ್ತಿದೆ. ಅದು ರಂಜಕವನ್ನೂ ಬಿಡಿಸಿಕೊಡುವುದೆಂದು ಇಕ್ರಿಸ್ಯಾಟಿನಲ್ಲಿ ಕೆಲಸ ಮಾಡಿದ ಜಪಾನಿನ ಏ ಎಂಬ ಸಂಶೋಧಕರೂ ಅವರ ಸಂಗಡಿಗರೂ ೧೯೯೦ ರಲ್ಲಿ ಪ್ರಕಟಿಸಿದರು. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿಕೊಂಡಿರುವುದು; ತೊಗರಿಯ ಬೇರು ಪಿಸಿಡಿಕ್ ಆಮ್ಲವೆಂಬ ಒಂದು ಹುಳಿಯನ್ನು ಸ್ರವಿಸಿ ಕಬ್ಬಿಣವನ್ನು ಹಿಡಿದು ರಂಜಕವನ್ನು ಬಿಡುಗಡೆ ಮಾಡುವುದು. ಅಲ್ಲಿ ತೊಗರಿಯ ಸಂಗಡವಿದ್ದ ಬೆಳೆಗೂ ಮುಂದಿನ ಬೆಳೆಗೂ ಉಪಕಾರವಾಗುವ ಸಂಭವವುಂಟು. ಎರೆಯಲ್ಲಿಯಾದರೋ ರಂಜಕ ಬಹುಪಾಲು ಸುಣ್ಣದೊಡನೆ ಕೂಡಿರುವುದು. ಈ ಹುಳಿಯ ಉಪಾಯ ಅಲ್ಲಿ ಅಷ್ಟಾಗಿ ನಡೆಯದು. ಗುರುಮಠಕಲ್ಲಿನ ಮಸಾರಿಯಲ್ಲಿ ನಿಜವಾದ ಮಾತು ಶಹಾಪುರದ ಎರೆಯಲ್ಲಿ ಅಷ್ಟು ನಿಜವಾಗದಿರಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ.

ನೆಟೆ ರೋಗದ ಮಾತಿಗೆ ಬಂದರೆ ಕೂಡುಬೆಳೆಯ ಪಕ್ಷ ಬಲವಾಗಿದೆ. ಒಂದೇ ಹೊಲದಲ್ಲಿ ವರ್ಷ ವರ್ಷವೂ ಬರಿಯ ತೊಗರಿಯನ್ನು ಹಾಕಿದರೆ ಈ ರೋಗದ ಬೂಷ್ಟು ಮಣ್ಣಿನಲ್ಲಿ ಹೆಚ್ಚುತ್ತ ಹೋಗಿ, ಹೂವಾಡುವ ವೇಳೆಗೆ ಗಿಡಗಳು ನಿಂತಲ್ಲಿಯೇ ಬಾಡುವುವು. ಜೋಳದೊಡನೆ ಕೂಡಿಸಿದಾಗ ಅಥವಾ ಜೋಳದೊಡನೆ ಸರದಿ ಮಾಡಿದಾಗ ನೆಟೆ ಗಣನೀಯವಾಗಿ ಕಡಿಮೆಯಾಗುವುದೆಂದು ಪಟಾನ್‌ಚೆರುವಿನ ಪ್ರಯೋಗಗಳಿಂದ ಸಿದ್ಧವಾಗಿದೆ.

ಕಾಯಿಕೊರಕದ ವಿಷಯದಲ್ಲಿ ಮಾತ್ರ ನಿರೀಕ್ಷೆ ತಲೆಕೆಳಗಾಯಿತು. ಅನೇಕ ಬೆಳೆಗಳಿದ್ದರೆ ಉಪಕಾರಿ ಕೀಟಗಳು ಒಂದರಿಂದ ಮತ್ತೊಂದಕ್ಕೆ ಹೋಗಿ ಎಲ್ಲವನ್ನೂ ಕಾಯುವುವೆಂಬುದು ಶಾಶ್ವತ ಬೇಸಾಯದ ಸಾಮಾನ್ಯ ನಂಬಿಕೆ. ಜೋಳದ ತೆನೆಯ ಮೇಲೆ ಈ ಹುಳುವಿನ ಮೊಟ್ಟೆಗಳನ್ನು ಟ್ರೈಕೊಗ್ರಾಮ ಎಂಬ ಸೂಕ್ಷ್ಮ ಕಣಜ ನಾಶಮಾಡುವುದು ನಿಜ. ಆದರೆ ಅದೇ ಹೊಲದ ತೊಗರಿಯ ಮೇಲಿನ ಮೊಟ್ಟೆಗಳನ್ನು ಅದು ಅಪರೂಪವಾಗಿ ಮಾತ್ರ ಮುಟ್ಟುವುದೆಂದು ಪರೀಕ್ಷಿಸಿದವರಿಗೆ ಕಂಡುಬಂದಿತು. ತೊಗರಿಯ ಹೂಗಾಯಿಗಳ ಅಂಟುಗೂದಲು ಆ ಪುಟ್ಟ ಜೀವಕ್ಕೆ ಒಗ್ಗದು. ಬೆಳೆಗಳ ಸಂಖ್ಯೆಯನ್ನು ಎಣಿಸಿದರೆ ಸಾಲದು, ಯಾವ ಕೀಟಕ್ಕೂ ಯಾವ ಗಿಡಕ್ಕೂ ಏನು ಸಂಬಂಧವೆಂದು ನೋಡಬೇಕು. ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ರಾಬರ್ಟ್ ಮೇ ಎಂಬ ವಿಜ್ಞಾನಿ ಬಗೆಗಳು ಹೆಚ್ಚಿದ ಮಾತ್ರಕ್ಕೆ ಸ್ಥಿರತೆ ತಾನಾಗಿ ಬರದೆಂದು ೧೯೭೦ ರ ದಶಕದ ಮೊದಲಲ್ಲಿಯೇ ಗಣಿತದಿಂದ ತೋರಿಸಿದ್ದರು. ಕಲಬುರಗಿ ಸೀಮೆಯ ರೈತರು ತೊಗರಿ ಗಿಡವನ್ನು ಅಲುಗಾಡಿಸಿ ಹುಳುಗಳನ್ನು ಬಟ್ಟೆಯ ಮೇಲೆ ಬೀಳಿಸಿ ಕೋಳಿಗೆ ಹಾಕುವರಷ್ಟೆ. ಕಣಜವನ್ನು ನಂಬುವುದಕ್ಕಿಂತ ಇದೇ ಹೆಚ್ಚು ಖಚಿತವೆಂದು ಈ ಲೇಖಕನ ಅಭಿಪ್ರಾಯ.

ಮರಗಳ ವಿಷಯವಾಗಿ ಎರಡು ಮಾತು ಸಾಕು. ಎರೆ ಹೊಲದ ಬದುವಿನಲ್ಲಿ ಕರಿಜಾಲಿ ನಮ್ಮವರಿಗೆ ಬೇಲಿ, ಕಟ್ಟಿಗೆ, ಕುಂಟೆ ಕೂರಿಗೆಗಳ ಮರ ಎಲ್ಲವನ್ನೂ ಕೊಟ್ಟಿದೆ. ಅದರ ಬುಡದ ಬಳಿಯ ಸಾಲುಗಳಲ್ಲಿ ಜೋಳ ಕುಂಠಿತವಾಗುವುದೂ ಎಲ್ಲರೂ ಕಂಡದ್ದೇ. ಮರದಿಂದ ಬರುವ ಆದಾಯ ಆ ನಷ್ಟವನ್ನು ತುಂಬುವುದೇ ಎಂದು ಲೆಕ್ಕ ಹಾಕಿಯೇ ನೆಡತಕ್ಕದ್ದು. ಬೇಗ ಬೆಳೆಯುವುದೆಂಬ ಒಂದೇ ಗುಣವನ್ನು ನೋಡಿ ಪರದೇಶದ ಗಿಡವನ್ನು ತಂದರೆ ಏನಾಗುವುದೆಂಬುದಕ್ಕೆ ಬಳ್ಳಾರಿ ಜಾಲಿಯೇ ಸಾಕ್ಷಿ; ಗೋಮಾಳ, ಹಳ್ಳದ ದಂಡೆ, ಕೆರೆಯ ಅಂಗಳಗಳನ್ನು ಅದು ಹೊಕ್ಕ ಬಗೆ ನಮಗೆಲ್ಲರಿಗೂ ಗೊತ್ತು.

ಹೊಲದ ಸಾರ ಹೊಲಕ್ಕೇ ಮರಳಬೇಕೆಂಬ ಸೂತ್ರಕ್ಕೆ ನಮ್ಮ ಸೀಮೆಯಲ್ಲಿ ಬಹು ಪುರಾತನವಾದ ಒಂದು ಎದುರು ಉದಾಹರಣೆಯುಂಟು. ಸುರಪುರ ಸೀಮೆಯ ಬೂದಿಹಾಳದಲ್ಲಿ, ಊರ ಹೆಸರೇ ಸಾರುವಂತೆ, ದೊಡ್ಡ ಬೂದಿದಿಬ್ಬವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ೧೯೯೦ ರ ದಶಕದಲ್ಲಿ ಅಲ್ಲಿ ಉತ್ಖನನ ನಡೆಸಿ, ಅದು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ದೊಡ್ಡಿಯೆಂದೂ, ರಾಶಿಬಿದ್ದ ಸಗಣಿಯನ್ನು ಸುಡುತ್ತ ಬಂದುದರಿಂದ ಆದ ದಿಬ್ಬವೆಂದೂ ಸಾಧಿಸಿದರು. ಸುತ್ತಣ ಹರದಾರಿಗಳ ಹುಲ್ಲಿನ ಸಾರವನ್ನು ದನಗಳು ಒಂದೆಡೆಗೆ ಹೊತ್ತು ತಂದವು. ಸುಟ್ಟಾಗ ಸಾರಜನಕ ಹೊಗೆಯಾಗಿ ಹೋಯಿತು, ಉಳಿದ ಖನಿಜಗಳು ದಿಬ್ಬದಲ್ಲಿ ಕುಳಿತವು. ಇಂದು ಕುಳ್ಳು ತಟ್ಟಿ ಒಲೆಗೆ ಇಡುವಾಗ ಆಗುವುದೂ ಇದೇ. ಒಲೆಗೆ ಬೇರೆ ಉರುವಲು ಒದಗದೆ ಇರುವ ಮನೆಗೆ ಹೋಗಿ ಸಗಣಿ ಸುಡಬೇಡಿರೆಂದು ಹೇಳುವುದರಿಂದ ಪ್ರಯೋಜನವಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು. ಬೂದಿಯನ್ನಾದರೂ ಬೀದಿಗೆ ಎಸೆಯದೆ ತಿಪ್ಪೆಗೆ ಹಾಕಬಹುದು.

ಕೆರೆಗೋಡಿನ ವಿಷಯವೂ ಇದಕ್ಕೆ ಸೇರಿದ್ದು. ಸುರಪುರದ ನಾಯಕ ಅರಸರ ಕಾಲದಲ್ಲಿ ಕಟ್ಟಲ್ಪಟ್ಟು, ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರನಿಂದ ಸುಧಾರಣೆಗೊಂಡ ಬೋನಾಳ ಕೆರೆ ಇಂದು ಪಕ್ಷಿಧಾಮವಾಗಿ ಪ್ರಸಿದ್ಧವಾಗಿದೆ. ಇಂತಹ ಪಕ್ಷಿಗಳ ನೆಲೆಯಲ್ಲಿ ಹೂಳೆತ್ತುವ ಮಾತು ಬೇರೆ. ಊರ ಸಣ್ಣ ಕೆರೆಗಳ ಗೋಡನ್ನು ಮಸಾರಿ ಹೊಲಕ್ಕೆ ಹಾಕಿದರೆ ಜೇಡಿ ಸೇರಿ ತೇವ ನಿಲ್ಲುವುದು. ಅದನ್ನೇ ಎರೆಗೆ ಹೊರುವುದು ಗಾಡಿಬಾಡಿಗೆಯ ನಷ್ಟ. ಜೇಡಿ ಅಲ್ಲಿ ಮೊದಲೇ ಬೇಕಾದಷ್ಟಿದೆ.

ಹೀಗಿರುವಲ್ಲಿ ರೈತರು ಮಾಡಬಹುದಾದ ಕೆಲಸವೊಂದುಂಟು. ಯಾವ ಹೊಸ ಸೂತ್ರವನ್ನಾದರೂ ಇಡೀ ಹೊಲಕ್ಕೆ ಹಚ್ಚದೆ, ಇಳಿಜಾರಿಗೆ ಅಡ್ಡವಾಗಿ ಐದೈದು ಗುಂಟೆಯ ಆರು ಪಟ್ಟಿಗಳನ್ನು ಗುರುತಿಸಿ, ಒಂದು ಬಿಟ್ಟು ಒಂದಕ್ಕೆ ಹೊಸ ಪದ್ಧತಿಯನ್ನೂ ಉಳಿದವಕ್ಕೆ ರೂಢಿಯ ಪದ್ಧತಿಯನ್ನೂ ಅನುಸರಿಸತಕ್ಕದ್ದು. ಮೇಲಿನ ಪಟ್ಟಿಗಳೆಲ್ಲ ಹೊಸದಕ್ಕೂ ತಗ್ಗಿನವೆಲ್ಲ ಹಳೆಯದಕ್ಕೂ ಬಂದರೆ, ನೆಲದ ಗುಣವೇ ಪದ್ಧತಿಯ ಗುಣವೆಂದು ಭ್ರಮೆಯಾಗುವುದು. ಪ್ರತಿ ಪಟ್ಟಿಯ ಕಾಳನ್ನೂ ಸೊಪ್ಪೆಯನ್ನೂ ಕಣದಲ್ಲಿ ಬೇರೆ ಬೇರೆಯಾಗಿ ತೂಗಿ, ಆಳಿನ ದಿನಗಳನ್ನೂ ಬರೆದಿಡಬೇಕು. ಒಂದು ವರ್ಷದ ಫಲ ಮಳೆಯದೋ ಪದ್ಧತಿಯದೋ ತಿಳಿಯದಾದುದರಿಂದ ಮೂರು ವರ್ಷವಾದರೂ ನಡೆಸುವುದು ಯುಕ್ತ. ಕಾಲುವೆಯ ನೆಲದವರು ಇದರೊಡನೆ ಪ್ರತಿವರ್ಷವೂ ಕಾಲುವೆ ನಿಂತ ಮೇಲೆ, ಮಾರ್ಚ್ ಏಪ್ರಿಲ್ ತಿಂಗಳಲ್ಲಿ, ಮೇಲಿನ ಅರ್ಧ ಅಡಿಯ ಮಣ್ಣನ್ನೂ ಒಂದರಿಂದ ಎರಡು ಅಡಿ ಆಳದ ಮಣ್ಣನ್ನೂ ಬೇರೆ ಬೇರೆ ಚೀಲಗಳಲ್ಲಿ ಹಾಕಿ, ಹೊಲದ ಗುರುತು ಬರೆದು, ಹತ್ತಿರದ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸತಕ್ಕದ್ದು. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿಯೂ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಈ ವಿಷಯವಾಗಿ ಸಲಹೆ ಪಡೆಯಬಹುದು. ಉಪ್ಪಿನ ಅಳತೆ ೪ ಡೆಸಿಸೀಮನ್ನಿಗೆ ಮೇಲಾದರೆ ಆ ಹೊಲವನ್ನು ಸವಳು ನೆಲವೆಂದು ತಿಳಿದು, ಮುಂದಿನ ಹಂಗಾಮಿಗೆ ಕಡಲೆಯನ್ನು ಬಿತ್ತದೆ, ಮೇಲಿನ ಹೊಲದವರೊಡನೆ ಕುಳಿತು 
ಬಸಿಗಾಲುವೆಯ ಮಾತನ್ನು ಮುಂಗಾರಿಗೆ ಮೊದಲೇ ತೀರ್ಮಾನಿಸಿಕೊಳ್ಳಬೇಕು.